ಚಿತ್ರದಲ್ಲಿ ಮಳೆ ಇರಲಿಲ್ಲ: ಚರ್ಚ್ ಅಂಗಳಕ್ಕೆ ಡಿಸೈನ್ ಮಾಡಿಸಿದ ಅನುಭವ

ಮೊದಲೇ ಹೇಳಿಬಿಡುತ್ತೇನೆ, ನಾನು ಚರ್ಚಿನವನಲ್ಲ. ಗೇಟಿನ ಎದುರು ಬೀದಿಯಲ್ಲಿ 26 ವರ್ಷದಿಂದ ಇದ್ದೇನೆ, ಅಷ್ಟೇ. ಲೋಕೋಪಯೋಗಿ ಇಲಾಖೆಯಲ್ಲಿ ವರ್ಕ್ ಇನ್ಸ್‌ಪೆಕ್ಟರ್ ಆಗಿದ್ದು ರಿಟೈರ್ ಆದವನು. ಟೇಪು ಹಿಡಿಯಲು ಬರುತ್ತದೆ, ಬಿಲ್ಲು ಓದಲು ಬರುತ್ತದೆ ಅಂತ ಫಾದರ್ ನನ್ನನ್ನೂ ಅಂಗಳದ ಕಮಿಟಿಗೆ ಸೇರಿಸಿಕೊಂಡರು. ಏಳು ಜನರ ಕಮಿಟಿ. ಐದು ಜನ ಚರ್ಚಿನವರು, ಒಬ್ಬರು ಪಕ್ಕದ ಮೆಡಿಕಲ್ ಶಾಪಿನವರು, ಇನ್ನೊಬ್ಬ ನಾನು.

ಚಿಕ್ಕಮಗಳೂರಿನಲ್ಲಿ ಚರ್ಚ್ ಅಂದ ತಕ್ಷಣ ಎಲ್ಲರಿಗೂ ನೆನಪಾಗುವುದು ಸಂತ ಜೋಸೆಫರ ಪ್ರಧಾನಾಲಯ, ಅಂದರೆ ಕೆಥೆಡ್ರಲ್. 1963ರಲ್ಲಿ ಚಿಕ್ಕಮಗಳೂರು ಧರ್ಮಕ್ಷೇತ್ರ ಆಯಿತಲ್ಲ, ಅದರ ಬಿಷಪ್ಪರ ಚರ್ಚು ಅದು. ಹಾಸನ ಜಿಲ್ಲೆಯ ಚರ್ಚುಗಳೂ ಇದೇ ಧರ್ಮಕ್ಷೇತ್ರದವು. ನಾನು ಹೇಳುತ್ತಿರುವುದು ಅದರ ವಿಷಯವಲ್ಲ. ಬೇರೆ ಸಣ್ಣದು, ಹಳೆಯದು. ಹೆಸರು ಬೇಡ. ಡಿಸೈನ್ ಮಾಡಿದ ಸಂಸ್ಥೆಯ ಹೆಸರೂ ಬೇಡ, ಯಾಕೆಂದರೆ ಕೊನೇ ಕಂತು ಇನ್ನೂ ಕೊಟ್ಟಿಲ್ಲ. ಆದರೆ ಇಂಥ ಕೆಲಸಕ್ಕೆ ಡಿಸೈನರ್ ಕರೆಸಬೇಕೋ ಬೇಡವೋ ಅಂತ ದೇವಸ್ಥಾನದ ಕಮಿಟಿಯವರು, ಮಸೀದಿಯವರು, ಶಾಲೆಯವರು ಎಲ್ಲ ನನ್ನನ್ನು ಕೇಳಿದ್ದಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಒಂದೇ ಸಲ ಬರೆದುಬಿಡೋಣ ಅಂತ ಕೂತಿದ್ದೇನೆ.

ಅಂಗಳ ಹೇಗಿತ್ತು ಅಂದರೆ, ಗೇಟಿನಿಂದ ಮೆಟ್ಟಿಲಿನ ತನಕ 38 ಮೀಟರ್, ಅಗಲ 22. ಅರ್ಧ ಟಾರು, ಅರ್ಧ ಮಣ್ಣು. ಎಡಕ್ಕೆ ಒಂದು ದೊಡ್ಡ ಮಳೆಮರ. ಗೇಟಿನ ಪಕ್ಕ ಹೂವಿನಕ್ಕ, ಅವಳ ಬುಟ್ಟಿ, ಮೇಣದ ಬತ್ತಿಯ ಡಬ್ಬ. ಹೊರಗೆ ನಾಲ್ಕು ಆಟೋ. ಶನಿವಾರ ಭಾನುವಾರ ಬಂದರೆ ಮುಳ್ಳಯ್ಯನಗಿರಿಗೆ ಹೋಗುವ ಬೆಂಗಳೂರಿನ ಕಾರುಗಳು ಗೇಟು ತೆರೆದಿದೆ ಅಂತ ಸೀದಾ ಒಳಗೆ. ಪೂಜೆ ಮುಗಿಸಿ ಬಂದ ಮುದುಕರಿಗೆ ಕೂರಲು ಒಂದು ಕಲ್ಲೂ ಇರಲಿಲ್ಲ. ಕಾರಿನ ಬಾನೆಟ್ಟಿಗೆ ಒರಗಿ ನಿಲ್ಲುತ್ತಿದ್ದರು. ಕಾರಿನವರು ಬಂದು ಹಾರ್ನ್ ಹೊಡೆದರೆ ಸರಿಯುತ್ತಿದ್ದರು.

ಸಂಸ್ಥೆಯ ಪ್ಯಾಕೇಜು 60,000 ರೂಪಾಯಿ. ಅಳತೆ, ಐಡಿಯಾ, 3ಡಿ ಚಿತ್ರ, ಮೇಸ್ತ್ರಿಗೆ ಕೊಡುವ ಡ್ರಾಯಿಂಗು, ಮೂರು ಸಲ ಸೈಟಿಗೆ ಬರುವುದು. ಕೆಳಗೆ ಸಣ್ಣ ಅಕ್ಷರದಲ್ಲಿ ‘ಜಿಎಸ್‌ಟಿ ಪ್ರತ್ಯೇಕ’ ಅಂತ ಇತ್ತು. ಶೇಕಡ 18, ಅಂದರೆ 10,800. ಬಿಲ್ಲು ನೋಡಲು ನನ್ನನ್ನು ಸೇರಿಸಿಕೊಂಡಿದ್ದರಲ್ಲ, ಅದನ್ನು ನಾನೇ ಓದಿರಲಿಲ್ಲ. ಫಾದರ್ ಏನೂ ಅನ್ನಲಿಲ್ಲ, ಸುಮ್ನೆ ನಕ್ಕರು. ಅದು ಇನ್ನೂ ಕಷ್ಟ.

ಮೊದಲ ಮೀಟಿಂಗಿಗೆ ಇಬ್ಬರು ಬಂದರು. ಒಬ್ಬ ಸೀನಿಯರ್, ಒಬ್ಬಳು ಹುಡುಗಿ, ಓದು ಮುಗಿಸಿ ಎರಡು ವರ್ಷ ಆಗಿರಬಹುದು. ಸೀನಿಯರ್ ಲ್ಯಾಪ್‌ಟಾಪ್ ತೆಗೆದು ಪರದೇಶದ ಕೆಥೆಡ್ರಲ್‌ಗಳನ್ನು ತೋರಿಸಲು ಶುರು ಮಾಡಿದ. ನಿಜ ಹೇಳಬೇಕೆಂದರೆ ಆ ಒಂದು ಗಂಟೆ ನನಗೆ ಬಹಳ ಹಿಡಿಸಿತು.

ಮೊದಲು ಪ್ಯಾರಿಸ್ಸಿನ ನೋತ್ರ್ ದಾಮ್. 2019ರ ಏಪ್ರಿಲ್ 15ಕ್ಕೆ ಬೆಂಕಿ ಬಿತ್ತಲ್ಲ, ಅದೇ. 2024ರ ಡಿಸೆಂಬರ್‌ನಲ್ಲಿ ಮತ್ತೆ ಬಾಗಿಲು ತೆರೆಯಿತು. ಕಟ್ಟಡದ ರಿಪೇರಿ ಒಂದು ಕೆಲಸ, ಸುತ್ತಲಿನ ಅಂಗಳದ್ದು ಬೇರೆಯೇ ಕೆಲಸ. ಅದಕ್ಕೆ ಪ್ಯಾರಿಸ್ ನಗರಾಡಳಿತ ಸ್ಪರ್ಧೆ ಇಟ್ಟು, 2022ರಲ್ಲಿ ಬೆಲ್ಜಿಯಂನ ಬಾಸ್ ಸ್ಮೆಟ್ಸ್ ಎಂಬ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟ್ ತಂಡವನ್ನು ಆರಿಸಿತು. 160 ಹೊಸ ಮರ ನೆಡುವ ಯೋಜನೆ. ನೆಲದಡಿಯ ಕಾರ್ ಪಾರ್ಕಿಂಗ್ ತೆಗೆದು, ಆ ಜಾಗದಲ್ಲಿ ಜನ ಓಡಾಡುವ ಹಾಗೆ ಮಾಡಿ, ಸೀನ್ ನದಿ ಕಡೆಗೆ ತೆರೆಯುವುದು. ಬಿಸಿಲು ಜಾಸ್ತಿ ಇರುವ ದಿನ ಚರ್ಚಿನ ಮುಂದಿನ ಕಲ್ಲುಹಾಸಿನ ಮೇಲೆ 5 ಮಿಲಿಮೀಟರ್ ನೀರು ಹರಿಸಿ ಜಾಗ ತಂಪು ಮಾಡುವುದು. ಅಂದಾಜು ವೆಚ್ಚ 5 ಕೋಟಿ ಯೂರೋ.

‘ಐದು ಮಿಲಿಮೀಟರ್ ನೀರು ನಮಗೆ ಜುಲೈನಲ್ಲಿ ದೇವರೇ ಪುಕ್ಕಟೆ ಹರಿಸ್ತಾನೆ’ ಅಂದೆ. ಎಲ್ಲರೂ ನಕ್ಕರು. ಸೀನಿಯರ್ ನಗಲಿಲ್ಲ. ಹುಡುಗಿ ತನ್ನ ಪುಸ್ತಕದಲ್ಲಿ ಏನೋ ಬರೆದುಕೊಂಡಳು.

ಆಮೇಲೆ ಇಂಗ್ಲೆಂಡಿನ ಲೆಸ್ಟರ್. ಅಲ್ಲಿ 2012ರಲ್ಲಿ ಕೆಥೆಡ್ರಲ್ ಹತ್ತಿರದ ಒಂದು ಕಾರ್ ಪಾರ್ಕಿಂಗ್ ಅಗೆದಾಗ ಮೂರನೇ ರಿಚರ್ಡ್ ರಾಜನ ಅಸ್ಥಿಪಂಜರ ಸಿಕ್ಕಿತು. 1485ರಲ್ಲಿ ಯುದ್ಧದಲ್ಲಿ ಸತ್ತವನು. 2014ರಲ್ಲಿ ಕೆಥೆಡ್ರಲ್ ಸುತ್ತಲಿನ ಜಾಗವನ್ನು ಕೂರುವ ತೋಟ ಮಾಡಿದರು, 2015ರ ಮಾರ್ಚ್‌ನಲ್ಲಿ ರಾಜನನ್ನು ಕೆಥೆಡ್ರಲ್ ಒಳಗೆ ಮಣ್ಣು ಮಾಡಿದರು. ಮೆಡಿಕಲ್ ಶಾಪಿನವರು ಕಿವಿಯಲ್ಲಿ ಕೇಳಿದರು, ‘ನಮ್ಮ ಪಾರ್ಕಿಂಗ್ ಅಗೆದರೆ ಏನು ಸಿಗುತ್ತೆ ಸರ್?’ ಯುಜಿಡಿ ಪೈಪು, ಅಂದರೆ ನೆಲದಡಿಯ ಒಳಚರಂಡಿ ಪೈಪು ಅಂದೆ. ತಮಾಷೆಗೆ ಹೇಳಿದ್ದು, ಆದರೆ ಮೂರು ತಿಂಗಳ ಮೇಲೆ ಅದೇ ಸಿಕ್ಕಿತು. ಯಾವ ನಕ್ಷೆಯಲ್ಲೂ ಇರಲಿಲ್ಲ.

ಇಷ್ಟೆಲ್ಲ ತೋರಿಸಿ ಹದಿನೈದು ದಿನ ಅಂದವರು ಐದು ವಾರ ಬಿಟ್ಟು 3ಡಿ ಚಿತ್ರ ಕಳಿಸಿದರು. ಸಂಜೆ ಪೂಜೆ ಆದ ಮೇಲೆ ಹಾಲಿನಲ್ಲಿ ಬಿಳಿ ಪಂಚೆ ಕಟ್ಟಿ ಪ್ರೊಜೆಕ್ಟರ್ ಹಾಕಿದೆವು. ನೋಡಲು ಚೆನ್ನಾಗಿತ್ತು. ನೀಲಿ ಆಕಾಶ. ಪಳಪಳ ಹೊಳೆಯುವ ಗ್ರಾನೈಟು. ನಡುವೆ ಕಾರಂಜಿ. ಬಿಳಿ ಹೆಂಗಸೊಬ್ಬಳು ನಾಯಿ ಹಿಡಿದುಕೊಂಡು ಹೋಗುತ್ತಿದ್ದಾಳೆ. ಒಬ್ಬ ಹುಡುಗ ಸ್ಕೇಟಿಂಗ್ ಮಾಡುತ್ತಿದ್ದಾನೆ. ಮಳೆಮರ ಇಲ್ಲ, ಆ ಜಾಗದಲ್ಲಿ ಸಾಲಾಗಿ ಆರು ರಾಯಲ್ ಪಾಮ್. ಗೇಟಿನ ಪಕ್ಕ ‘ಸೆಲ್ಫಿ ಪಾಯಿಂಟ್’ ಅಂತ ಒಂದು ಕಮಾನು.

ಹಿಂದಿನ ಬೆಂಚಿನಿಂದ ಹೂವಿನಕ್ಕ ಕೇಳಿದಳು. ‘ಅಣ್ಣಾ, ಇದರಲ್ಲಿ ನಾನೆಲ್ಲಿ?’

ಸೀನಿಯರ್ ಲೇಸರ್ ಬೆಳಕು ಹಿಡಿದು ಹುಡುಕಿದ. ಅವಳು ಕೂರುವ ಜಾಗದಲ್ಲಿ ಕಮಾನಿನ ಕಾಲು ನಿಂತಿತ್ತು.

ನನಗೆ ಕಂಡಿದ್ದು ಬೇರೆ. ಆ ಚಿತ್ರದಲ್ಲಿ ಮಳೆ ಇರಲಿಲ್ಲ. ಒಂದು ಕೊಡೆ ಇಲ್ಲ, ಒಂದು ಚರಂಡಿ ಇಲ್ಲ, ನೀರು ಎಲ್ಲಿಗೆ ಹೋಗಬೇಕು ಅನ್ನುವ ಒಂದು ಬಾಣದ ಗುರುತೂ ಇಲ್ಲ. ನಮ್ಮ ಊರಿನ ಮಳೆ ಶೃಂಗೇರಿ ಕೊಪ್ಪದ ಹಾಗೆ ಸುರಿಯುವುದಿಲ್ಲ, ನಿಜ. ಬಾಬಾಬುಡನ್‌ಗಿರಿ ಕಡೆಯಿಂದ ಗಾಳಿ ಜೊತೆ ಬಂದು ದಿನವಿಡೀ ಜಿಟಿಜಿಟಿ ಹಿಡಿಯುತ್ತದೆ. ಒಣಗುವುದೇ ಇಲ್ಲ. ಅಂಥ ಕಡೆ ಪಾಲಿಶ್ ಗ್ರಾನೈಟ್ ಹಾಕಿದರೆ ಪಾಚಿ ಕಟ್ಟಿ ಆಗಸ್ಟ್ ಹೊತ್ತಿಗೆ ಸೊಂಟ ಮುರಿದವರ ಲೆಕ್ಕ ಬರೆಯಬೇಕಾಗುತ್ತದೆ. ಅದನ್ನೇ ಕೇಳಿದೆ. ‘ಅದೆಲ್ಲ ಎಕ್ಸಿಕ್ಯೂಷನ್‌ನಲ್ಲಿ ನೋಡ್ಕೊಳ್ಳೋಣ ಸರ್’ ಅಂದ. ಮೂವತ್ತು ವರ್ಷ ಇಲಾಖೆಯಲ್ಲಿ ಕೇಳಿದ ಮಾತು ಅದು. ಆಮೇಲೆ ನೋಡಿಕೊಳ್ಳೋಣ ಅಂದಿದ್ದನ್ನು ಯಾರೂ ನೋಡಿಕೊಂಡಿದ್ದಿಲ್ಲ.

ಸೆಲ್ಫಿ ಪಾಯಿಂಟಿಗೆ ಅವನು ಕೊಟ್ಟ ಕಾರಣ ಶೆಟ್ಟಿಹಳ್ಳಿ. ಹಾಸನದ ಹತ್ತಿರ ಗೊರೂರು ಡ್ಯಾಮಿನ ಹಿನ್ನೀರಿನಲ್ಲಿ ಮಳೆಗಾಲಕ್ಕೆ ಮುಳುಗಿ ಬೇಸಿಗೆಗೆ ಮೇಲೆ ಬರುವ ಪಾಳು ಚರ್ಚು ಇದೆಯಲ್ಲ, ಅಲ್ಲಿಗೆ ಜನ ಫೋಟೊ ತೆಗೆಯಲೆಂದೇ ಹೋಗುತ್ತಾರೆ, ಇಲ್ಲಿಗೂ ಬರಲಿ ಅಂತ. ಫಾದರ್ ಅಲ್ಲಿಯ ತನಕ ಒಂದು ಮಾತೂ ಆಡಿರಲಿಲ್ಲ. ‘ಅಲ್ಲಿ ಪೂಜೆ ನಡೆಯಲ್ಲ, ಇಲ್ಲಿ ನಡೆಯುತ್ತೆ’ ಅಂದರು. ಕಮಾನು ಅಲ್ಲಿಗೆ ಬಿತ್ತು.

ಇಲ್ಲಿಗೆ ನಿಲ್ಲಿಸಿದ್ದರೆ ನಾನು ಐದಕ್ಕೆ ಒಂದು ಸ್ಟಾರ್ ಕೊಡುತ್ತಿದ್ದೆ. ಹಣ ವಾಪಸ್ ಕೇಳೋಣ ಅಂತಲೂ ಮಾತಾಯಿತು. ಆದರೆ ಮುಂದಿನ ಶನಿವಾರ ಆ ಹುಡುಗಿ ಒಬ್ಬಳೇ ಬಸ್ಸಿನಲ್ಲಿ ಬಂದಳು. ಬಂದವಳು ನೇರ ನಮ್ಮ ಮನೆಗೆ ಬಂದು, ‘ಅಂಕಲ್, ನಿಮ್ಮ ಹತ್ತಿರ ಲೆವೆಲ್ ಪೈಪ್ ಇದೆಯಾ?’ ಅಂದಳು. ಇತ್ತು. ಇಬ್ಬರೂ ಸೇರಿ ಪೈಪಿಗೆ ನೀರು ತುಂಬಿ ಅಂಗಳ ಪೂರ್ತಿ ಲೆವೆಲ್ ಹಿಡಿದೆವು. ಜಾಗ ಮೆಟ್ಟಿಲಿನಿಂದ ಗೇಟಿಗೆ ಇಳಿಜಾರು. ಎಲ್ಲ ನೀರೂ ಬಂದು ನಿಲ್ಲುವುದು ಹೂವಿನಕ್ಕನ ಬುಟ್ಟಿಯ ಕೆಳಗೆ. ಅವಳು ಇಟ್ಟಿಗೆ ಮೇಲೆ ಬುಟ್ಟಿ ಇಡುವುದು ಯಾಕೆ ಅಂತ 26 ವರ್ಷದಲ್ಲಿ ನಾನು ಯೋಚಿಸಿಯೇ ಇರಲಿಲ್ಲ.

ಮಾರನೇ ದಿನ ಭಾನುವಾರ. ಹುಡುಗಿ ಶಾಮಿಯಾನ ಅಂಗಡಿಯಿಂದ 20 ಪ್ಲಾಸ್ಟಿಕ್ ಕುರ್ಚಿ ಬಾಡಿಗೆಗೆ ತರಿಸಿದಳು. ಒಂದಕ್ಕೆ 8 ರೂಪಾಯಿ, ಅವಳೇ ಕೊಟ್ಟಳು. ಹಾಸಲಿಲ್ಲ. ಒಂದರ ಮೇಲೊಂದು ಪೇರಿಸಿ ಗೋಡೆ ಪಕ್ಕ ಇಟ್ಟು, ಗೇಟಿಗೆ ಹಗ್ಗ ಕಟ್ಟಿ ಕಾರು ಬಿಡಬೇಡಿ ಅಂದಳು. ಬೇರೇನೂ ಮಾಡಲಿಲ್ಲ. ಅವಳು ಹೇಳಿದ ಪ್ರಕಾರ, ನ್ಯೂಯಾರ್ಕಿನಲ್ಲಿ 1970ರ ದಶಕದಲ್ಲಿ ವಿಲಿಯಂ ವೈಟ್ ಎಂಬುವರು ದೊಡ್ಡ ಕಟ್ಟಡಗಳ ಮುಂದಿನ ಅಂಗಳಗಳಲ್ಲಿ ಕ್ಯಾಮರಾ ಇಟ್ಟು ಜನ ಎಲ್ಲಿ ಕೂರುತ್ತಾರೆ ಅಂತ ನೋಡಿದ್ದರಂತೆ. ಎತ್ತಿಡಬಹುದಾದ ಕುರ್ಚಿ ಕೊಟ್ಟರೆ ಜನ ಕೂರುವ ಮೊದಲು ಅದನ್ನು ಒಂದೆರಡು ಇಂಚಾದರೂ ಸರಿಸುತ್ತಾರೆ, ಕಾರಣ ಇಲ್ಲದಿದ್ದರೂ ಸರಿಸುತ್ತಾರೆ ಅಂತ ಅವರು ಕಂಡುಕೊಂಡಿದ್ದು. ನನಗೆ ನಂಬಿಕೆ ಬರಲಿಲ್ಲ. ಕುರ್ಚಿ ಕಳವಾಗುತ್ತದೆ ಅನ್ನುವುದರಲ್ಲಿ ಮಾತ್ರ ನಂಬಿಕೆ ಇತ್ತು.

ಏಳು ಗಂಟೆ ಪೂಜೆ ಮುಗಿಯಿತು. ಮೊದಲು ಒಬ್ಬ ಅಜ್ಜ ಒಂದು ಕುರ್ಚಿ ಎಳೆದ. ಮಳೆಮರದ ನೆರಳಿಗೆ ಹೋಗುತ್ತಾನೆ ಅಂದುಕೊಂಡರೆ ಇಲ್ಲ, ಬಿಸಿಲಿಗೆ ಹೋದ. ಡಿಸೆಂಬರ್ ಬೆಳಿಗ್ಗೆ ನೋಡಿ, ನಮ್ಮೂರಿನ ಚಳಿ. ಪೂರ್ವಕ್ಕೆ ಮುಖ ಮಾಡಿದ ಗೋಡೆಗೆ ಬೆನ್ನು ಕೊಟ್ಟು ಕೂತ. ಕೂತವನು ಎದ್ದು ಕುರ್ಚಿಯನ್ನು ಒಂದು ಗೇಣು ಎಡಕ್ಕೆ ತಳ್ಳಿ ಮತ್ತೆ ಕೂತ. ಹುಡುಗಿ ನನ್ನ ಮುಖ ನೋಡಿದಳು. ಅವನ ಪಕ್ಕಕ್ಕೆ ಇನ್ನಿಬ್ಬರು ಬಂದರು. ಹತ್ತು ನಿಮಿಷದಲ್ಲಿ ಅಲ್ಲಿ ಒಂಬತ್ತು ಕುರ್ಚಿ. ಒಬ್ಬ ಅಜ್ಜಿ ಮಾತ್ರ ತನ್ನ ಕುರ್ಚಿಯನ್ನು ಎಲ್ಲರಿಂದ ದೂರ, ಗೇಟಿಗೆ ಮುಖ ಮಾಡಿ ಹಾಕಿಕೊಂಡಳು. ಯಾರು ಬಂದರು, ಯಾರ ಜೊತೆ ಬಂದರು, ಎಲ್ಲ ಅಲ್ಲಿಂದ ಕಾಣುತ್ತದೆ. ಚರ್ಚಿಗೆ ಎದುರಾಗಿ, ಅಂದರೆ ಚಿತ್ರದಲ್ಲಿ ಕಾರಂಜಿ ಸುತ್ತ ಬೆಂಚು ಹಾಕಿದ್ದ ಜಾಗದಲ್ಲಿ, ಒಬ್ಬರೂ ಕೂರಲಿಲ್ಲ. ಹನ್ನೊಂದಕ್ಕೆ ಬಿಸಿಲು ಏರಿತು. ಕುರ್ಚಿಗಳು ಒಂದೊಂದಾಗಿ ಮರದ ಕೆಳಗೆ ಬಂದವು. ಮಧ್ಯಾಹ್ನ ಆಟೋದವರು ಎರಡು ಎಳೆದುಕೊಂಡು ಟಿಫನ್ ಬಾಕ್ಸ್ ಬಿಚ್ಚಿದರು.

ಹುಡುಗಿ ಗಂಟೆಗೊಂದು ಸಲ ಪ್ರತಿ ಕುರ್ಚಿಯ ಕಾಲಿನ ಹತ್ತಿರ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಿದ್ದಳು. ಬೆಳಿಗ್ಗೆಯದು ಬಿಳಿ, ಮಧ್ಯಾಹ್ನದ್ದು ಹಳದಿ, ಸಂಜೆಯದು ಕೆಂಪು. ಆರು ಗಂಟೆ ಹೊತ್ತಿಗೆ ನೆಲದ ಮೇಲೆ ಒಂದು ನಕ್ಷೆಯೇ ಬಂದಿತ್ತು. ಅದರ ಫೋಟೊವನ್ನು ನಮ್ಮ ಮನೆ ತಾರಸಿಯಿಂದ ತೆಗೆದಳು. 20 ಕುರ್ಚಿಯಲ್ಲಿ 20ನ್ನೂ ಎಣಿಸಿ ಶಾಮಿಯಾನದವರಿಗೆ ವಾಪಸ್ ಕೊಟ್ಟೆವು. ಅದನ್ನು ನಾನು ಎರಡು ಸಲ ಎಣಿಸಿದೆ.

ಎರಡನೇ ಡ್ರಾಯಿಂಗು ಬಂದಾಗ ಅದರಲ್ಲಿ 3ಡಿ ಇರಲಿಲ್ಲ. ಕಪ್ಪು ಗೆರೆಯ ಒಂದು ಹಾಳೆ. ಕಾರಂಜಿ ಹೋಗಿತ್ತು, ಪಾಮ್ ಹೋಗಿತ್ತು. ಪೂರ್ವಕ್ಕೆ ಮುಖ ಮಾಡಿದ ಗೋಡೆಗೆ ಉದ್ದಕ್ಕೆ ಕಲ್ಲಿನ ಕಟ್ಟೆ, 45 ಸೆಂಟಿಮೀಟರ್ ಎತ್ತರ, ಮಂಡಿ ನೋವಿನವರಿಗೆ ಏಳಲು ಹಿಡಿ. ಗೇಟಿಗೆ ಮುಖ ಮಾಡಿ ಒಂದೇ ಒಂದು ಒಂಟಿ ಬೆಂಚು. ಅಜ್ಜಿಯ ಬೆಂಚು ಅಂತಲೇ ನಾವು ಕರೆಯುವುದು. ಪಾಲಿಶ್ ಗ್ರಾನೈಟ್ ಬದಲು ಉಳಿ ಹೊಡೆದ ಹಾಸುಗಲ್ಲು. ಮಳೆಮರದ ಸುತ್ತ ಕಟ್ಟೆ, ಆದರೆ ಬುಡದಿಂದ ನಾಲ್ಕು ಅಡಿ ಮಣ್ಣು ಬಿಟ್ಟು. ಈ ನಾಲ್ಕು ಅಡಿಗೆ ನಾನು ಹುಡುಗಿಗೆ ಕೈ ಮುಗಿಯುತ್ತೇನೆ. ನಮ್ಮ ಊರಲ್ಲಿ ಮರ ಉಳಿಸುತ್ತೇವೆ ಅಂತ ಕಾಂಡಕ್ಕೆ ತಾಗಿಸಿ ಕಾಂಕ್ರೀಟ್ ಹಾಕುತ್ತಾರೆ. ಬೇರಿಗೆ ನೀರೂ ಇಲ್ಲ, ಗಾಳಿಯೂ ಇಲ್ಲ. ಐದಾರು ವರ್ಷಕ್ಕೆ ಒಣಗಿದ ಮೇಲೆ, ಮರಕ್ಕೆ ರೋಗ ಬಂತು ಅಂತ ಕಡಿಯುತ್ತಾರೆ. ಹಾಗೆ ಕಾಂಕ್ರೀಟ್ ಹಾಕಿಸಿದವರಲ್ಲಿ ನಾನೂ ಒಬ್ಬ, ಸರ್ವಿಸಿನಲ್ಲಿದ್ದಾಗ.

ನೀರಿಗೆ ನಡುವೆ ಒಂದು ಕಲ್ಲಿನ ಕಾಲುವೆ, ಮೇಲೆ ತೆರೆದದ್ದು, ಮಕ್ಕಳು ದಾಟುವಷ್ಟು ಸಣ್ಣದು. ಅರವತ್ತಕ್ಕೆ ಒಂದು ಇಳಿಜಾರು, ಅಂದರೆ ಅರವತ್ತು ಅಡಿ ಹೋದರೆ ಒಂದು ಅಡಿ ಇಳಿಯುವುದು. ಗೇಟಿಗಿಂತ ಮೊದಲೇ ಪಕ್ಕಕ್ಕೆ ತಿರುಗಿ ಮಳೆಮರದ ಮಣ್ಣಿಗೆ ಹೋಗುತ್ತದೆ, ಜಾಸ್ತಿ ಆದದ್ದು ರಸ್ತೆ ಚರಂಡಿಗೆ. ಮೊದಲ ಮೀಟಿಂಗಿನಲ್ಲಿ ಅವಳು ಪುಸ್ತಕದಲ್ಲಿ ಬರೆದುಕೊಂಡಿದ್ದು ಏನು ಅಂತ ಆಗ ಕೇಳಿದೆ. ‘ಜುಲೈ, ಐದು ಮಿಲಿಮೀಟರ್, ಎಲ್ಲಿಗೆ?’ ಅಂತ ಬರೆದಿದ್ದಳು.

ತಪ್ಪು ಎರಡನೇ ಡ್ರಾಯಿಂಗಿನಲ್ಲೂ ಇತ್ತು. ನೆಲಕ್ಕೆ ಹಾಸುವ ಇಂಟರ್‌ಲಾಕ್ ಇಟ್ಟಿಗೆಯ ದಪ್ಪ ಎಲ್ಲ ಕಡೆ 60 ಮಿಲಿಮೀಟರ್ ಬರೆದಿದ್ದರು. ಜನ ನಡೆಯುವ ಕಡೆ ಅದು ಸಾಕು. ಆದರೆ ಒಂದು ಬದಿಯಲ್ಲಿ ಶಾಮಿಯಾನದ ಟೆಂಪೊ ಬರುತ್ತದೆ, ಶವದ ವ್ಯಾನು ಬರುತ್ತದೆ. ಅಲ್ಲಿಗೆ 80 ಬೇಕು. ಹೇಳಿ ಬದಲಾಯಿಸಿದೆ. ಗಾಲಿಕುರ್ಚಿಯ ಇಳಿಜಾರನ್ನು ಎಂಟಕ್ಕೆ ಒಂದು ಕೊಟ್ಟಿದ್ದರು, ಜಾಗ ಉಳಿಸಲು. ನಿಯಮ ಹನ್ನೆರಡಕ್ಕೆ ಒಂದು. ಎಂಟಕ್ಕೆ ಒಂದರಲ್ಲಿ ಗಾಲಿಕುರ್ಚಿ ತಳ್ಳುವವನಿಗೂ ಒಂದು ಗಾಲಿಕುರ್ಚಿ ಬೇಕಾಗುತ್ತದೆ. ನೆಲದಿಂದ ಗೋಡೆಗೆ ಹೊಡೆಯುವ ಲೈಟು ಹದಿನಾಲ್ಕು ಇಟ್ಟಿದ್ದರು. ಮೊದಲ ಮಳೆಗೆ ಮಳೆಹುಳು ಹೇಗೆ ಮುತ್ತುತ್ತವೆ ಅಂತ ಬೆಂಗಳೂರಿನಲ್ಲಿ ಕೂತವರಿಗೆ ಗೊತ್ತಾಗುವುದಿಲ್ಲ. ನಾಲ್ಕಕ್ಕೆ ಇಳಿಸಿದೆವು.

ಕಾರಿನ ಜಗಳ ಮಾತ್ರ ಯಾವ ಡ್ರಾಯಿಂಗಿನಿಂದಲೂ ಬಗೆಹರಿಯಲಿಲ್ಲ. ಕಾರು ಬೇಡ ಅಂದರೆ ಚರ್ಚಿನವರಲ್ಲೇ ಅರ್ಧ ಜನ ಮುನಿಸಿಕೊಂಡರು. ‘ಪ್ಯಾರಿಸ್ಸಿನಲ್ಲಿ ಪಾರ್ಕಿಂಗ್ ತೆಗೆದರು ಅಂತ ಇಲ್ಲಿ ತೆಗೆಯೋಕಾಗುತ್ತಾ, ಅಲ್ಲಿ ಮೆಟ್ರೊ ಇದೆ’ ಅಂದರು. ಆ ಮಾತು ಸರಿಯೇ. ಕೊನೆಗೆ ಹಿಂದಿನ ಶಾಲೆಯ ಮೈದಾನದಲ್ಲಿ ಭಾನುವಾರ ಮಾತ್ರ ನಿಲ್ಲಿಸಬಹುದು ಅಂತ ಆಯಿತು. ಗೇಟಿನಲ್ಲಿ ಮೂರು ಕಲ್ಲುಕಂಬ, ನಡುವಿನದು ತೆಗೆಯಲು ಬರುವಂಥದ್ದು. ಅದರ ಬೀಗದ ಕೈ ಯಾರ ಹತ್ತಿರ ಇರಬೇಕು ಅಂತ ಒಂದು ಇಡೀ ಮೀಟಿಂಗ್ ನಡೆಯಿತು. ಈಗ ಅದು ಹೂವಿನಕ್ಕನ ಹತ್ತಿರ ಇದೆ. ಬೆಳಿಗ್ಗೆ ಐದೂವರೆಯಿಂದ ಅಲ್ಲೇ ಇರುವವಳು ಅವಳೊಬ್ಬಳೇ.

ಹಾಗಾದರೆ ಸ್ಟಾರ್ ಎಷ್ಟು ಕೊಡಬೇಕು? ಸಂಸ್ಥೆಗೆ ಮೂರು. 3ಡಿ ಚಿತ್ರ ಮಾಡಿದ್ದಕ್ಕೆ ಸೊನ್ನೆ ಕೊಟ್ಟು, ಆ ಹುಡುಗಿಯನ್ನು ಕೆಲಸಕ್ಕೆ ಇಟ್ಟುಕೊಂಡಿದ್ದಕ್ಕೆ ಮೂರು. 70,800 ಜಾಸ್ತಿ ಆಯಿತು ಅಂತ ಕಮಿಟಿಯಲ್ಲಿ ಇನ್ನೂ ಗೊಣಗುವವರಿದ್ದಾರೆ. ನನ್ನ ಲೆಕ್ಕ ಬೇರೆ. ಮೊದಲ ಚಿತ್ರದ ಹಾಗೇ ಕಟ್ಟಿಸಿದ್ದರೆ ಗ್ರಾನೈಟು, ಕಾರಂಜಿ, ಪಂಪು, ಲೈಟು ಸೇರಿ ಖರ್ಚು ಎರಡರಷ್ಟು ಆಗುತ್ತಿತ್ತು, ಮರವೂ ಹೋಗುತ್ತಿತ್ತು. ನೀವು ಯಾರನ್ನಾದರೂ ಕರೆಸುವುದಾದರೆ 3ಡಿಗೆ ದುಡ್ಡು ಕೊಡಬೇಡಿ. ಆ ದುಡ್ಡಿನಲ್ಲಿ ಅವರು ನಿಮ್ಮ ಊರಿನಲ್ಲಿ ಎರಡು ಪೂರ್ತಿ ದಿನ ಇರಬೇಕು ಅಂತ ಬರೆಸಿಕೊಳ್ಳಿ, ಒಂದು ಮಳೆ ದಿನ, ಒಂದು ಹಬ್ಬದ ದಿನ. ಜಿಎಸ್‌ಟಿ ಸಾಲನ್ನು ಮೊದಲು ಓದಿ. ಕೊನೇ ಕಂತನ್ನು ಮೊದಲ ಮಳೆ ಆಗುವ ತನಕ ಹಿಡಿದಿಟ್ಟುಕೊಳ್ಳಿ. ನಾವು ಹಿಡಿದಿರುವುದೂ ಅದಕ್ಕೇ, ಅವರಿಗೂ ಗೊತ್ತು.

ಈಗ ಕಟ್ಟೆ ಆಗಿದೆ, ಕಾಲುವೆ ಆಗಿದೆ, ಗಾಲಿಕುರ್ಚಿಯ ಇಳಿಜಾರು ಇನ್ನೂ ಅರ್ಧ. ಏಪ್ರಿಲ್‌ನಲ್ಲಿ ಒಂದು ಸಂಜೆ ಆಲಿಕಲ್ಲು ಮಳೆ ಬಂತು. ಕೊಡೆ ಹಿಡಿದು ಓಡಿ ಹೋಗಿ ನೋಡಿದೆ. ನೀರು ಹೇಳಿದ ಹಾಗೆ ಕೇಳಿ ತಿರುಗಿ ಮರದ ಬುಡಕ್ಕೆ ಹೋಯಿತು. ಹೂವಿನಕ್ಕನಿಗೆ ಅಂತ ಗೇಟಿನ ಪಕ್ಕ ಅರ್ಧ ಅಡಿ ಎತ್ತರದ ಕಲ್ಲಿನ ಜಗಲಿ ಮಾಡಿಸಿದ್ದೇವೆ, ಮೇಲೆ ಒಂದು ಚಿಕ್ಕ ಸೂರು. ಮೊದಲ ವಾರ ಅವಳು ಅದರ ಮೇಲೆ ಬುಟ್ಟಿ ಇಟ್ಟು, ತಾನು ಕೆಳಗೆ ಹಳೇ ಜಾಗದಲ್ಲೇ ಕೂತಳು. ಯಾಕೆ ಅಂತ ಕೇಳಿದೆ. ‘ಬೆಳಿಗ್ಗೆ ಕಲ್ಲು ಐಸ್ ಆಗಿರುತ್ತೆ ಅಣ್ಣಾ. ಆ ಹುಡುಗಿ ಐದೂವರೆಗೆ ಬಂದು ಕೂತು ನೋಡಿಲ್ಲ.’

ಮನೆಯಲ್ಲಿ ಕಾಫಿ ಬೀಜದ ಹಳೇ ಗೋಣಿಚೀಲ ಎರಡಿದ್ದವು. ಕೊಟ್ಟೆ. ಈಗ ಮೇಲೆ ಕೂರುತ್ತಾಳೆ.